ಸೊಂಟಪಟ್ಟಿ ಹಿಡಿದವನು

ಇದು ನಡೆದ ಕತೆ. ಇದರಲ್ಲಿ ಒಂದು ಮಾತು ಸುಳ್ಳೆಂದು ಯಾರಾದರೂ ತೋರಿಸಿಕೊಟ್ಟರೆ ಹೇಳಿದವನ ತಲೆಯ ಮೇಲೆ ಒಂದು ಪೀಪಾಯಿ ಐಸ್‌ನೀರು ಸುರಿಯಬಹುದು. ಹಾಗೆ ನೋಡಿದರೆ, ಕತೆ ಮುಗಿಯುವುದರೊಳಗೆ ಯಾರದಾದರೂ ತಲೆಯ ಮೇಲೆ ಅದು ಬೀಳಲೇಬೇಕು. ಕ್ಯಾನ್ಸಸ್ಸಿನ ಕಡೆ ಆಟದ ದಿನ ಪೀಪಾಯಿ ತುಂಬಿಸಿಟ್ಟ ಮೇಲೆ ಸುಮ್ಮನೆ ಚರಂಡಿಗೆ ಚೆಲ್ಲಿ ಮನೆಗೆ ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ.

ಆರ್ವಿಲ್ ಸ್ಟ್ರೋಪ್ ಆರ್ಮಿಡಾ ಕಾಲೇಜಿನ ಫುಟ್‌ಬಾಲ್ ತಂಡದ ಸಹಾಯಕ ಕೋಚ್. ಹೆಸರಿಗೆ ಫುಟ್‌ಬಾಲ್, ಕೆಲಸವೆಲ್ಲ ಕೈಗೆ: ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಒಬ್ಬ ಓಡುತ್ತಾನೆ, ಉಳಿದವರು ಅವನನ್ನು ಕೆಡವಲು ಬೀಳುತ್ತಾರೆ. ತಂಡದ ಹೆಸರು ಹೇಸರಗತ್ತೆಗಳು. ಅತ್ತ ಕುದುರೆಯೂ ಅಲ್ಲದ, ಇತ್ತ ಕತ್ತೆಯೂ ಅಲ್ಲದ ಆ ಪ್ರಾಣಿಯೇ ಸಹಾಯಕ ಕೋಚುಗಳ ಕುಲದೇವತೆ ಎಂದು ಆರ್ವಿಲ್ ಹೇಳುತ್ತಿದ್ದ. ಆಟಗಾರರ ಪಾಲಿಗೆ ಅವನು ದೊರೆ, ಮುಖ್ಯ ಕೋಚಿನ ಪಾಲಿಗೆ ಆಳು. ಗೆದ್ದರೆ ಫೋಟೋದ ಅಂಚಿನಲ್ಲಿ, ಸೋತರೆ ಊರಿನ ಅಂಚಿನಲ್ಲಿ. ಮುಖ್ಯ ಕೋಚನ್ನು ಕಾಲೇಜು ಕಿತ್ತು ಹಾಕಿದರೆ ಅವನ ಸಹಾಯಕರೆಲ್ಲರೂ ಅವನ ಬೆನ್ನಿಗೇ ಗಂಟುಮೂಟೆ ಕಟ್ಟುವುದು ಆ ಕಸುಬಿನ ಕಟ್ಟಳೆ. ಸಹಾಯಕನಿಗೂ ಅಸಹಾಯಕನಿಗೂ ಇರುವ ಅಂತರ ಒಂದು ಅಕ್ಷರ ಮತ್ತು ಒಂದು ಕೆಟ್ಟ ವರ್ಷ.

ಹೀಗೆ ಅವನು ಒಕ್ಲಹೋಮಾದಿಂದ ಡಕೋಟಾದವರೆಗೆ ಆ ಬಯಲನ್ನೆಲ್ಲ ಸುತ್ತಿದ್ದ. ಹೆಂಡತಿ ನಡೀನ್ ಸಾಮಾನು ತುಂಬುವ ರಟ್ಟಿನ ಡಬ್ಬಗಳನ್ನು ಯಾವ ಊರಿನಲ್ಲೂ ಬಿಸಾಡಿದವಳಲ್ಲ. ಮಡಿಸಿ ಬೀರುವಿನ ಹಿಂದೆ ನಿಲ್ಲಿಸಿಡುತ್ತಿದ್ದಳು. ಒಂದು ಡಬ್ಬದ ಮೇಲೆ ಅವಳು 'ಅಡುಗೆಮನೆ' ಎಂದು ಬರೆದದ್ದು ಎಷ್ಟೋ ಊರುಗಳ ಹಿಂದೆ. ಅಕ್ಷರ ಮಾಸಿದಾಗೆಲ್ಲ ಅದರ ಮೇಲೇ ತಿದ್ದಿ ತಿದ್ದಿ, ಈಗ ಅದು ಕಲ್ಲಿನಲ್ಲಿ ಕೆತ್ತಿದ ಶಾಸನದ ಹಾಗೆ ಕಾಣುತ್ತಿತ್ತು.

ಆರ್ವಿಲ್ ಕಲಿಸುತ್ತಿದ್ದುದು ಮುಂಸಾಲಿನವರಿಗೆ. ಚೆಂಡು ಹಿಡಿದವನ ಮುಂದೆ ಗೋಡೆಯಾಗಿ ನಿಲ್ಲುವ ಐವರು ದಢೂತಿ ಹುಡುಗರು ಅವರು. ನಡುವಿನವನು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ದಾಟಿಸುತ್ತಾನೆ. ಆಮೇಲೆ ಅವನಿಗಾಗಲಿ ಉಳಿದ ನಾಲ್ವರಿಗಾಗಲಿ ಚೆಂಡಿನ ಋಣವಿಲ್ಲ. ತಳ್ಳುವುದೊಂದೇ ಕೆಲಸ. ಪತ್ರಿಕೆಯಲ್ಲಿ ಅವರ ಹೆಸರು ಬರುವುದು ಅವರು ತಪ್ಪು ಮಾಡಿದ ದಿನ ಮಾತ್ರ. ಅವರಿಗೆ ಆರ್ವಿಲ್ ಹೇಳಿಕೊಡುತ್ತಿದ್ದುದೂ ಒಂದೇ ಪಾಠ: ಮೊದಲ ಹೆಜ್ಜೆ. ಗೇಣಿನಷ್ಟೂ ಉದ್ದವಿಲ್ಲದ ಒಂದು ಹೆಜ್ಜೆ. ವರ್ಷವಿಡೀ ತಿದ್ದಿದರೆ, ಯಾವುದೋ ಒಂದು ಮಧ್ಯಾಹ್ನ, ಐವರೂ ಆ ಹೆಜ್ಜೆಯನ್ನು ಒಂದೇ ಉಸಿರಿನಲ್ಲಿ ಇಡುತ್ತಾರೆ. ಆಗ ನೆಲದೊಳಗಿಂದ ಒಂದು ಸದ್ದು ಬರುತ್ತದೆ. ಐದು ಸದ್ದಲ್ಲ, ಒಂದೇ ಸದ್ದು. ಎಷ್ಟು ಋತುಗಳು ಕಳೆದಿದ್ದರೂ ಅದನ್ನು ಕೇಳಿದಾಗ ಆರ್ವಿಲ್‌ನ ಕೈಮೇಲಿನ ರೋಮ ನೆಟ್ಟಗಾಗುತ್ತಿತ್ತು. ಚರ್ಚಿನಲ್ಲಿ ಹಾಗಾಗುವುದಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಅಳುಕೂ ಇತ್ತು.

ಇದಲ್ಲದೆ ಅವನಿಗೆ ಇನ್ನೊಂದು ಕೆಲಸ. ಆಟ ಕಾವೇರಿತೆಂದರೆ ಮುಖ್ಯ ಕೋಚುಗಳಿಗೆ ಮೈಮೇಲೆ ಬಂದಂತಾಗುತ್ತದೆ. ಬಿಳಿ ಗೆರೆ ದಾಟಿ ಮೈದಾನಕ್ಕೇ ನುಗ್ಗಿ ರೆಫರಿಯ ವಂಶವನ್ನೆಲ್ಲ ಜಾಲಾಡುತ್ತಾರೆ. ಗೆರೆ ದಾಟಿದ್ದು ಒಬ್ಬ, ದಂಡ ಇಡೀ ತಂಡಕ್ಕೆ. ಅದಕ್ಕೇ ಅವರ ಬೆನ್ನ ಹಿಂದೆ ಒಬ್ಬ ಸಹಾಯಕ ನಿಂತು, ಸೊಂಟದ ಬೆಲ್ಟು ಹಿಡಿದು, ಬೇಕಾದಾಗ ಹಿಂದಕ್ಕೆಳೆಯಬೇಕು. ಹೋದಲ್ಲೆಲ್ಲ ಈ ಕೆಲಸ ಆರ್ವಿಲ್‌ನ ಕೊರಳಿಗೇ ಬಿತ್ತು. ಯಾವ ಕೋಚಿನ ಬೆಲ್ಟು ಸೋತ ವಾರ ಒಂದು ತೂತು ಒಳಗೆ ಹೋಗುತ್ತದೆ, ಯಾರದು ಹಿಡಿದರೆ ಒದ್ದೆ, ಯಾರದು ಹೆಂಡತಿ ಕೊಡಿಸಿದ್ದು, ಎಲ್ಲ ಅವನ ಬೆರಳಿಗೆ ಗೊತ್ತು. ಪಟ್ಟ ಸಿಗದವನಿಗೆ ಸೊಂಟಪಟ್ಟಿಯಾದರೂ ಸಿಕ್ಕಿತ್ತು.

ಆ ಪಟ್ಟಿಯಿಂದ ಅವನಿಗೊಂದು ಕಳ್ಳಸುಖವೂ ಇತ್ತು. ದೊಡ್ಡ ಆಟ ಗೆದ್ದ ದಿನ ಹುಡುಗರು ಐಸು ತುಂಬಿದ ಶರಬತ್ತಿನ ಪೀಪಾಯಿಯನ್ನು ಕಳ್ಳಹೆಜ್ಜೆಯಲ್ಲಿ ಹೊತ್ತು ತಂದು ಮುಖ್ಯ ಕೋಚಿನ ತಲೆಯ ಮೇಲೆ ಬೋರಲು ಹಾಕುತ್ತಾರೆ. ಈ ಅಭಿಷೇಕ ಮುಖ್ಯ ಕೋಚಿಗೆ ಮಾತ್ರ. ಸಹಾಯಕನಿಗೆ ಸುರಿದರೆ ಅದು ಬರೀ ಒದ್ದೆ. ಕೋಚು ತಪ್ಪಿಸಿಕೊಳ್ಳದ ಹಾಗೆ ಬೆಲ್ಟು ಬಿಗಿ ಹಿಡಿದು, ಏನೋ ಮಾತಿಗೆಳೆದು, ಕೊನೆಯ ಗಳಿಗೆಯಲ್ಲಿ ಕೈಬಿಟ್ಟು ಪಕ್ಕಕ್ಕೆ ಜಾರಿಕೊಳ್ಳುವುದರಲ್ಲಿ ಆರ್ವಿಲ್‌ನಷ್ಟು ಪಳಗಿದವನು ಆ ಬಯಲಿನಲ್ಲಿ ಇನ್ನೊಬ್ಬನಿರಲಿಲ್ಲ. ಅವನ ಬೂಟಿನ ಮೇಲೆ ನಾಲ್ಕು ಹನಿ ಬಿದ್ದದ್ದುಂಟು. ತಲೆಯ ಮೇಲೆ, ಎಂದೂ ಇಲ್ಲ.

ಬೆಲ್ಟು ಹಿಡಿದು ಹಿಡಿದು ಅವನಿಗೆ ಆ ಕೋಚುಗಳ ದನಿಯೂ ಅಂಟಿಕೊಂಡಿತ್ತು. ಮೂಗಿನಲ್ಲಿ ಗೊಣಗುವವನು, ಬೈಬಲ್ ಓದಿದಂತೆ ಬೈಯುವವನು, ಸೋತಾಗ ಪಿಸುಗುಟ್ಟುವವನು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಕೋಚುಗಳ ಕೋಣೆಯಲ್ಲಿ ಅವನು ಒಬ್ಬನೇ ನಿಂತು ಮೂವರ ಜಗಳ ನಡೆಸಿದರೆ ಉಳಿದವರು ಕುರ್ಚಿಯಿಂದ ಜಾರುತ್ತಿದ್ದರು. ಆದರೆ ಇದರಲ್ಲೇ ಅವನ ಕೊರಗೂ ಇತ್ತು. ತಾನೇ ಮುಖ್ಯ ಕೋಚಾದರೆ ಯಾವ ದನಿಯಲ್ಲಿ ಮಾತಾಡುವುದು? ಒಬ್ಬನೇ ಕಾರು ಓಡಿಸುವಾಗ ಪ್ರಯತ್ನಿಸಿ ನೋಡಿದ್ದ. ಬಾಯಿ ತೆರೆದರೆ ಯಾರೋ ಹಳೆಯ ಯಜಮಾನನೇ ಹೊರಗೆ ಬರುತ್ತಿದ್ದ.

ಆ ನವೆಂಬರಿನಲ್ಲಿ ಆ ಪ್ರಶ್ನೆ ಕಾರಿನಿಂದ ಇಳಿದು ಮನೆ ಬಾಗಿಲಿಗೇ ಬಂತು. ನೆಬ್ರಾಸ್ಕಾದ ಸ್ಯಾಂಡ್ ಫೋರ್ಕ್ ಎಂಬ ಪುಟ್ಟ ಕಾಲೇಜಿನಲ್ಲಿ ಮುಖ್ಯ ಕೋಚಿನ ಜಾಗ ಖಾಲಿಯಾಗಿತ್ತು. ಆರ್ವಿಲ್ ಸಂದರ್ಶನಕ್ಕೆ ಹೋಗಿದ್ದ. ಕಾಲೇಜಿನ ಅಧ್ಯಕ್ಷೆ ಡಾಕ್ಟರ್ ಮಾರ್ಜರಿ ಫೆಂಟ್ರೆಸ್ ಪುಟ್ಟ ಆಕೃತಿಯ ಹೆಂಗಸು. ಒಂದೊಂದು ಮಾತನ್ನೂ ಇಸ್ತ್ರಿ ಹಾಕಿ ಮಡಿಸಿ ಮೇಜಿನ ಮೇಲಿಡುವ ಹಾಗೆ ಆಡುತ್ತಿದ್ದರು. ಎರಡು ಮಾತಿನ ನಡುವೆ ಒಂದು ಸಣ್ಣ ಒಣಕೆಮ್ಮು. ಆರ್ವಿಲ್ ಅವರ ಮುಂದೆ ಬಾಯಿಪಾಠ ಒಪ್ಪಿಸಿದವನ ಹಾಗೆ ಉತ್ತರಿಸಿ ಬಂದಿದ್ದ. ತನಗೆ ಈ ವಯಸ್ಸಿನಲ್ಲಿ ಇನ್ನೊಂದು ಕಾಲೇಜು ಕರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇದು ಬಂದರೆ ಬಂತು, ಇಲ್ಲವೆಂದರೆ ಕೊನೆಯವರೆಗೂ ಬೆಲ್ಟೇ. ಆದರೂ ಹುಟ್ಟುಗುಣ ಎಲ್ಲಿಗೆ ಹೋಗಬೇಕು, ಮರಳಿ ಬಂದ ದಿನವೇ ಕೋಚುಗಳ ಕೋಣೆಯಲ್ಲಿ ಫೆಂಟ್ರೆಸ್ಸರನ್ನು ಕೆಮ್ಮಿನ ಸಮೇತ ಆಡಿ ತೋರಿಸಿದ್ದ.

ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ನೋಡಿದವನು ರೂಫಸ್ ಗ್ಯಾಡಿ. ರಕ್ಷಣೆಯ ಆಟ ಕಲಿಸುವ ಸಹಾಯಕ, ಅಣಕದಲ್ಲಿ ಆರ್ವಿಲ್‌ನ ಶಿಷ್ಯ, ಹೆಂಗಸರ ದನಿಯಲ್ಲಿ ಗುರುವನ್ನೂ ಮೀರಿಸಿದವನು. ಸೆಪ್ಟೆಂಬರಿನಲ್ಲಿ ಅವನು ಪಾದ್ರಿಯ ಹೆಂಡತಿಯಾಗಿ ಫೋನು ಮಾಡಿ, ಚರ್ಚಿನ ಪಿಯಾನೋ ಸರಿಸಬೇಕಿದೆ, ಸ್ವಲ್ಪ ಗಟ್ಟಿಮುಟ್ಟಾದ ಹುಡುಗರನ್ನು ಕರೆದುಕೊಂಡು ಬರುತ್ತೀರಾ ಎಂದು ಕೇಳಿಕೊಂಡಿದ್ದ. ಆರ್ವಿಲ್ ಇಡೀ ಮುಂಸಾಲನ್ನು ಕರೆದುಕೊಂಡು ಹೋಗಿ ಬೀಗ ಹಾಕಿದ ಚರ್ಚಿನ ಮುಂದೆ ಬಿಸಿಲಲ್ಲಿ ನಿಂತಿದ್ದ. ಇನ್ನೊಮ್ಮೆ ಆ ಹಳ್ಳಕ್ಕೆ ಬೀಳುವುದಿಲ್ಲ ಎಂದು ಆವತ್ತೇ ಶಪಥ ಮಾಡಿದ್ದ.

ಫೋನಿನಲ್ಲಿ ಕರೆದವರ ಹೆಸರು ಮೂಡದ ಕಾಲ ಅದು. ಋತುವಿನ ಕೊನೆಯ ಆಟವಿದ್ದ ವಾರದ ಮಂಗಳವಾರ ಮಧ್ಯಾಹ್ನ, ಆರ್ವಿಲ್ ತನ್ನ ಕಿಟಕಿಯಿಲ್ಲದ ಕೋಣೆಯಲ್ಲಿ ಮಾಂಸ-ಹುರುಳಿಯ ಖಾರದ ಗಟ್ಟಿಸಾರಿಗೆ ದಾಲ್ಚಿನ್ನಿ ರೋಲು ಅದ್ದಿಕೊಂಡು ತಿನ್ನುತ್ತಿದ್ದಾಗ ಫೋನು ಹೊಡೆದುಕೊಂಡಿತು.

"ಕೋಚ್ ಸ್ಟ್ರೋಪ್ ಅವರಾ? ನಾನು ಮಾರ್ಜರಿ ಫೆಂಟ್ರೆಸ್, ಸ್ಯಾಂಡ್ ಫೋರ್ಕ್‌ನಿಂದ." ಒಣಕೆಮ್ಮು. "ನಮ್ಮ ಮಂಡಳಿ ನಿನ್ನೆ ಸೇರಿತ್ತು. ನಿಮ್ಮನ್ನ ಮುಖ್ಯ ಕೋಚ್ ಆಗಿ ಬನ್ನಿ ಅಂತ ಕರೆಯೋದಕ್ಕೆ ತೀರ್ಮಾನ ಆಗಿದೆ."

ಆರ್ವಿಲ್ ರೋಲನ್ನು ಕೆಳಗಿಟ್ಟ. ಎದೆ ಒಮ್ಮೆ ಹಾರಿತು, ಮರುಗಳಿಗೆಯಲ್ಲೇ ಕೂತಿತು. ಆ ಇಸ್ತ್ರಿ ಹಾಕಿದ ಮಾತು, ಆ ಕೆಮ್ಮು, ಎಲ್ಲ ಅಚ್ಚುಕಟ್ಟು. ತೀರಾ ಅಚ್ಚುಕಟ್ಟು. ಶಿಷ್ಯ ಮುಂದುವರಿದಿದ್ದಾನೆ ಎಂದುಕೊಂಡು ಅವನು ಬೆರಗಾದ. ಅಂಥ ಕಲೆಗೆ ತಕ್ಕ ಮರ್ಯಾದೆ ಕೊಡಬೇಡವೇ? ತಾನೂ ಅದೇ ದನಿಯಲ್ಲಿ, ಅದೇ ಕೆಮ್ಮು ಕೆಮ್ಮಿ ಶುರುಮಾಡಿದ.

"ತುಂಬಾ ಸಂತೋಷ ತಾಯೀ. ಆದ್ರೆ ನಂದೂ ಒಂದಿಷ್ಟು ಷರತ್ತುಗಳಿವೆ."

ಅತ್ತ ಕಡೆ ಪೆನ್ನು ತೆಗೆದ ಸದ್ದು. "ಹೇಳಿ."

"ನನ್ನ ಕೋಣೆಗೆ ಕಿಟಕಿ ಬೇಕು. ಇಷ್ಟು ವರ್ಷ ಹೋದ ಊರಲ್ಲೆಲ್ಲ ನನ್ನನ್ನ ಪೊರಕೆ ಇಡೋ ಜಾಗದ ಪಕ್ಕಾನೇ ಕೂರಿಸಿದಾರೆ. ನನ್ನ ಬೆಲ್ಟ್ ಹಿಡಿಯೋಕೆ ಒಬ್ಬ ಬೇಕು, ತೂಕದ ಆಸಾಮಿ ಆಗಿರ್ಲಿ. ಮತ್ತೆ ನೀವು ನಿಜವಾಗ್ಲೂ ಮಾರ್ಜರಿ ಫೆಂಟ್ರೆಸ್ಸೇ ಆಗಿದ್ರೆ, ಶನಿವಾರ ಇಲ್ಲಿಗೆ ಬಂದು ನಿಮ್ಮ ಕೈಯಾರೆ ನನ್ನ ತಲೆ ಮೇಲೆ ಪೀಪಾಯಿ ಸುರೀಬೇಕು. ಆವಾಗ ನಂಬ್ತೀನಿ. ಅಲ್ಲೀವರ್ಗೂ ಆ ಕೆಮ್ಮಿಗೆ ಏನಾದ್ರೂ ಕಷಾಯ ಕುಡೀರಿ."

"ನಿಮ್ಮ ಷರತ್ತುಗಳು ಅರ್ಥವಾದವು," ಎಂದಿತು ಆ ದನಿ. ಫೋನು ಇಟ್ಟ ಸದ್ದು.

ಆರ್ವಿಲ್ ಸಾರನ್ನು ಅಲ್ಲೇ ಬಿಟ್ಟು, ರೂಫಸ್‌ನ ಬೆನ್ನು ತಟ್ಟಲು ಹೊರಟ. ಅವನ ಕೋಣೆ ಖಾಲಿ. ಹೊರಬಾಗಿಲಿನ ಹತ್ತಿರ ಬರುವಷ್ಟರಲ್ಲಿ ರೂಫಸ್ ಎದುರಾದ. ಒಂದು ಕೆನ್ನೆ ಒಲೆಯಿಂದ ಈಗಷ್ಟೇ ತೆಗೆದ ಬನ್ನಿನಂತೆ ಉಬ್ಬಿತ್ತು. ಬಾಯ ತುಂಬ ಹತ್ತಿ. ಪಕ್ಕದಲ್ಲಿ ಅವನ ಹೆಂಡತಿ ಕಾರಿನ ಕೀ ಹಿಡಿದು, ಬೆಳಗಿನಿಂದ ಹಲ್ಲಿನ ಡಾಕ್ಟರ ಹತ್ತಿರವೇ ಕೂತಿದ್ದೆವು, ಎರಡು ದವಡೆ ಹಲ್ಲು ಕೀಳಿಸಿದ್ದಾಯಿತು, ಇವತ್ತೆಲ್ಲ ಮಾತಾಡಬಾರದಂತೆ, ಮನೆಯಲ್ಲಿ ಎಷ್ಟು ನೆಮ್ಮದಿ ಎಂದಳು.

"ರೂಫಸ್, ಈಗ ಫೋನ್ ಮಾಡಿದ್ದು ನೀನೇ ತಾನೇ?" ಎಂದು ಆರ್ವಿಲ್ ಕೇಳಿದ.

ರೂಫಸ್ ಇಲ್ಲವೆಂದು ತಲೆಯಾಡಿಸಿದ. "ಮ್ಮ್," ಎಂದ.

ಆರ್ವಿಲ್‌ನ ಬೆನ್ನುಹುರಿಯೊಳಗೆ ತಣ್ಣಗೆ ಏನೋ ಇಳಿಯಿತು. ಪೀಪಾಯಿ ಬೇಕಾಗಲಿಲ್ಲ.

ಸ್ಯಾಂಡ್ ಫೋರ್ಕಿಗೆ ಫೋನು ಮಾಡಿದ. ಮಾಡಿದಾಗೆಲ್ಲ ಕಾರ್ಯದರ್ಶಿಯೊಬ್ಬಳು, ಡಾಕ್ಟರ್ ಫೆಂಟ್ರೆಸ್ ಸಿಗುವುದಿಲ್ಲ ಎಂದಳು. ಕೊನೆಯ ಸಲ, ಕೋಚ್ ಸ್ಟ್ರೋಪ್ ಅವರ ಕರೆ ತಮಗೆ ಕೊಡಬೇಡಿ ಎಂದು ಸ್ವತಃ ಹೇಳಿ ಹೋಗಿದ್ದಾರೆ ಎಂದು ಬಿಡಿಸಿಯೇ ಹೇಳಿದಳು. ಹೆಣ್ಣುಮಗಳ ದನಿಯಲ್ಲಿ ಕನಿಕರವಿತ್ತು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮನೆಗೆ ಹೋದಾಗ ನಡೀನ್ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಬೀರುವಿನ ಹಿಂದಿನ ಡಬ್ಬಗಳು ಹೊರಗೆ ಬಂದಿದ್ದವು. ಹಳೆಯ ಶಾಸನದ ಡಬ್ಬವನ್ನು ಬಿಚ್ಚಿ, ತಳಕ್ಕೆ ಹೊಸ ಟೇಪು ಅಂಟಿಸಿದ್ದಳು. ಆರ್ವಿಲ್ ನಿಂತುಕೊಂಡೇ ಎಲ್ಲ ಹೇಳಿದ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಅವನು ಕಷಾಯದ ಮಾತಿಗೆ ಬಂದಾಗ ಒಂದು ಸಲ ಕಣ್ಣು ಮುಚ್ಚಿದಳು.

"ಪ್ರತಿ ಸಲ ಯಾರೋ ಓಡಿಸಿದಾರೆ ಅಂತ ಇದನ್ನ ತೆಗೀತಿದ್ದೆ, ಆರ್ವಿಲ್," ಎಂದಳು. "ಈ ಒಂದ್ಸಲ ಯಾರೋ ಕರೀತಾರೆ ಅಂತ ತೆಗ್ದೆ."

ಆಮೇಲೆ ಟೇಪನ್ನು ಕೀಳದೆ, ಡಬ್ಬವನ್ನು ಹಾಗೇ ಮೂಲೆಗೆ ತಳ್ಳಿ, ಕೈ ತೊಳೆದು ಬಾ ಊಟ ಆರುತ್ತದೆ ಎಂದಳು. ಎಲೆಕೋಸು-ಮಾಂಸ ತುಂಬಿದ ಬನ್ನು, ಅವನಿಗೆ ಪ್ರಿಯವಾದದ್ದು. ಅವನ ಗಂಟಲಲ್ಲಿ ಇಳಿಯಲಿಲ್ಲ. ಅಷ್ಟೊಂದು ಯಜಮಾನರು ಬಾಡಿಗೆಗಿದ್ದ ಗಂಟಲು ಅದು. ಆ ದಿನವೇ ಎಲ್ಲರನ್ನೂ ಖಾಲಿ ಮಾಡಿಸಿದ. ಇನ್ನು ಜನ್ಮದಲ್ಲಿ ಅಣಕವಿಲ್ಲ.

ಮಾರನೆಯ ಬೆಳಿಗ್ಗೆ ಮುಖ್ಯ ಕೋಚ್ ಕರ್ಟಿಸ್ ಫೋಗಲ್‌ಗೆ ಇದನ್ನು ಒಪ್ಪಿಸಿದ. ಕರ್ಟಿಸ್ ಹಿಂದೆ ಅವನ ಕೈಯಲ್ಲೇ ಪಳಗಿದ ಮುಂಸಾಲಿನ ಹುಡುಗ. ಈಗ ಯಜಮಾನ. ಕೆಲಸ ಕೊಟ್ಟವನು ಕೆಲಸಗಾರನನ್ನು "ಕೋಚ್" ಎನ್ನುತ್ತಿದ್ದ, ಕೆಲಸಗಾರ ಕೊಟ್ಟವನನ್ನು "ಮಗಾ" ಎನ್ನುತ್ತಿದ್ದ. ಸ್ಯಾಂಡ್ ಫೋರ್ಕಿಗೆ ಹೋಗಿ ಎಂದು ಹುರಿದುಂಬಿಸಿ ಕಳಿಸಿದವನೂ ಅವನೇ. ಕತೆ ಕೇಳುತ್ತ ಕೇಳುತ್ತ ಕರ್ಟಿಸ್ ಮೆಲ್ಲಗೆ ಗೋಡೆಯ ಕಡೆ ತಿರುಗಿದ. ಅವನ ಭುಜಗಳು ಅಲುಗಿದವು. ಹುಡುಗ ತನಗಾಗಿ ಅಳುತ್ತಿದ್ದಾನೆಂದು ಆರ್ವಿಲ್‌ಗೆ ಕರುಳು ಚುರ್ರೆಂದಿತು. ಹೋಗಲಿ ಬಿಡು ಮಗಾ ಎಂದು ಅವನ ಬೆನ್ನು ಸವರಿ ಹೊರಗೆ ಬಂದ.

ಆ ವಾರವೆಲ್ಲ ಏನೋ ಸರಿಯಿರಲಿಲ್ಲ. ಆರ್ವಿಲ್ ಒಳಗೆ ಬಂದರೆ ಕರ್ಟಿಸ್ ಫೋನು ಇಟ್ಟುಬಿಡುತ್ತಿದ್ದ. ರೂಫಸ್ ಕೆನ್ನೆಗೆ ಐಸು ಒತ್ತಿಕೊಂಡು ಎಲ್ಲೋ ನೋಡುತ್ತಿದ್ದ. ಮುಂಸಾಲಿನ ಹುಡುಗರಂತೂ ಪಾದ್ರಿಯ ಮನೆಗೆ ಊಟಕ್ಕೆ ಬಂದವರಂತೆ ವಿನಯವಾಗಿದ್ದರು. ನಡುವಿನ ಆಟಗಾರ ಪೊಕೊರ್ನಿ, ಯಾವ ಮಾತಿಗೂ ಎದುರುತ್ತರ ಇಟ್ಟುಕೊಂಡಿರುತ್ತಿದ್ದವನು, ಹೇಳಿದ್ದಕ್ಕೆಲ್ಲ "ಸರಿ ಕೋಚ್" ಎನ್ನುತ್ತಿದ್ದ. ಸುದ್ದಿ ಊರೆಲ್ಲ ಹಬ್ಬಿದೆ, ಎಲ್ಲರೂ ತನ್ನ ಮೇಲೆ ಮರುಕಪಡುತ್ತಿದ್ದಾರೆ ಎಂದು ಆರ್ವಿಲ್ ತಿಳಿದುಕೊಂಡ. ಅಣಕ ಬಿಟ್ಟಿದ್ದರಿಂದ ಹೇಳುವುದಕ್ಕೂ ಹೆಚ್ಚೇನೂ ಉಳಿದಿರಲಿಲ್ಲ. ಗಂಟಲು ಸರಿಮಾಡಿಕೊಂಡು ಅದೊಂದೇ ಪಾಠವನ್ನು ಹೇಳುತ್ತಿದ್ದ. ಹೇಳಿದಾಗೆಲ್ಲ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಶನಿವಾರ ಉತ್ತರದ ಗಾಳಿ ಎದ್ದಿತ್ತು. ಗೋಧಿ ಕೊಯ್ದ ಹೊಲಗಳ ಮೇಲಿನಿಂದ, ತಡೆಯುವುದಕ್ಕೆ ಒಂದು ಮರವೂ ಇಲ್ಲದೆ ಬರುವ ಗಾಳಿ. ಮೈದಾನದ ಆಚೆ ಧಾನ್ಯದ ಬಿಳಿ ಗೋಪುರ, ಅದರ ಬುಡದಲ್ಲಿ ರೈಲುಹಳಿ. ಊರಿನವರೆಲ್ಲ ಕಂಬಳಿ ಹೊದ್ದು ಬಂದು ಮೆಟ್ಟಿಲುಗಳ ಮೇಲೆ ತುಂಬಿದ್ದರು. ಎದುರಾಳಿ ಕಾಲ್ಡರ್ ಕಾಲೇಜು, ಹಳೆಯ ಹಗೆ. ನಡೀನ್ ಯಾವತ್ತಿನಂತೆ ಬೇಲಿಯ ಪಕ್ಕದಲ್ಲೇ ಕೂತಿದ್ದಳು. ಕಾಲ ಬಳಿ ಏನೋ ಒಂದು ಡಬ್ಬ. ಆರ್ವಿಲ್ ಅತ್ತ ಸರಿಯಾಗಿ ನೋಡಲಿಲ್ಲ. ಕರ್ಟಿಸ್‌ನ ಬೆಲ್ಟಿಗೆ ಕೈ ಹಾಕಿ, ತನ್ನ ಜಾಗದಲ್ಲಿ ನಿಂತ.

ಆಟ ಕೊನೆಗೆ ಬಂದಾಗ ಹೇಸರಗತ್ತೆಗಳು ನಾಲ್ಕು ಅಂಕ ಹಿಂದಿದ್ದವು. ಚೆಂಡು ಅವರ ಕೈಗೆ ಬಂತು, ಆದರೆ ಎದುರಾಳಿಯ ಕೊನೆಯ ಗೆರೆಗೆ ಬಹಳ ದೂರದಲ್ಲಿ, ಗಾಳಿಗೆ ಎದುರಾಗಿ. ಆ ಗಾಳಿಯಲ್ಲಿ ಎಸೆದ ಚೆಂಡು ಎಸೆದವನ ಕೈಗೇ ವಾಪಸು ಬರುತ್ತಿತ್ತು. ಕರ್ಟಿಸ್ ಒಂದು ಹೆಜ್ಜೆ ಗೆರೆಯ ಕಡೆ ನುಗ್ಗಿದ, ಆರ್ವಿಲ್ ಎಳೆದ. ಆಗ ಕರ್ಟಿಸ್ ತಿರುಗಿ, ಆ ಮೈದಾನದಲ್ಲಿ ಯಾವ ಮುಖ್ಯ ಕೋಚೂ ಆಡದ ಮಾತು ಆಡಿದ.

"ಕೋಚ್, ಏನು ಮಾಡ್ಲಿ? ನೀವೇ ಹೇಳಿ."

ಆರ್ವಿಲ್ ಬಾಯಿ ತೆರೆದ. ಹಳೆಯ ಯಜಮಾನರು ಯಾರೂ ಬರಲಿಲ್ಲ. ಖಾಲಿ ಗಂಟಲು. ಅದನ್ನು ಸರಿಮಾಡಿಕೊಂಡು, "ನಮ್ಮ ಐದೂ ಜನರ ಹಿಂದೆ ಓಡಿಸು," ಎಂದ. "ಅಷ್ಟೇ. ಅದನ್ನೇ ಮತ್ತೆ ಮತ್ತೆ ಓಡಿಸು."

ಪೊಕೊರ್ನಿ ಬಗ್ಗಿ ಚೆಂಡಿನ ಮೇಲೆ ಕೈ ಇಟ್ಟ. ಎರಡೂ ಬದಿ ಇಬ್ಬಿಬ್ಬರು ಬಗ್ಗಿದರು. ಚೆಂಡು ಹಿಂದಕ್ಕೆ ಹೋಯಿತು, ನೆಲ ಮಾತಾಡಿತು.

ಒಂದೇ ಸದ್ದು.

ಆರ್ವಿಲ್‌ನ ಅಂಗಾಲಿಗೆ ಅದು ಮೊದಲು ಗೊತ್ತಾಯಿತು, ಕಿವಿಗೆ ಆಮೇಲೆ. ಐದು ಬೆನ್ನುಗಳು ಒಂದೇ ಬೆನ್ನಾಗಿ ಮುಂದಕ್ಕೆ ಸರಿದವು, ಎದುರಿನ ಗೋಡೆ ಹಿಂದಕ್ಕೆ ಬಾಗಿತು, ಓಡುವವನು ಅವರ ನೆರಳಿನಲ್ಲಿ ನುಸುಳಿದ. ಎದ್ದು ಬಂದು ಮತ್ತೆ ಬಗ್ಗಿದರು. ಮತ್ತೆ ಅದೇ ಸದ್ದು. ಕಾಲ್ಡರಿನವರಿಗೆ ಏನು ಬರುತ್ತದೆಂದು ಗೊತ್ತಿತ್ತು. ಮೆಟ್ಟಿಲ ಮೇಲೆ ಕೂತ ಅಜ್ಜಿಯರಿಗೂ ಗೊತ್ತಿತ್ತು. ಗೊತ್ತಿದ್ದು ಏನೂ ಮಾಡಲಾಗಲಿಲ್ಲ, ನದಿ ಏರುವುದನ್ನು ದಂಡೆಯಲ್ಲಿ ನಿಂತು ನೋಡಿದ ಹಾಗೆ. ಮೊದಮೊದಲು ಕಿರುಚುತ್ತಿದ್ದ ಜನ ಆಮೇಲೆ ಸುಮ್ಮನಾದರು. ಆ ಹೆಜ್ಜೆಯ ಸದ್ದು ಕೇಳಿಸಲೆಂದೇ ಸುಮ್ಮನಾದರು. ಗಾಳಿಯ ಹೊರತು ಬೇರೆ ಏನೂ ಇಲ್ಲದ ಆ ಮೌನದಲ್ಲಿ, ಐದು ಜನ ಇಡೀ ಮೈದಾನವನ್ನು ಚಾಪೆ ಸುತ್ತಿದಂತೆ ಮುಂದಕ್ಕೆ ಸುತ್ತಿಕೊಂಡು ಹೋದರು. ಆರ್ವಿಲ್ ಬೆಲ್ಟನ್ನು ಮರೆತಿದ್ದ, ಸ್ಯಾಂಡ್ ಫೋರ್ಕನ್ನು ಮರೆತಿದ್ದ. ಇದನ್ನು ಕಂಡಾಯಿತು, ಇನ್ನು ಮುಖ್ಯ ಕೋಚಾಗದಿದ್ದರೂ ನಡೆಯುತ್ತದೆ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಕೊನೆಯ ಗೆರೆಯ ಮೇಲೆ ಐವರೂ ರಾಶಿಯಾಗಿ ಬಿದ್ದರು. ಓಡುವವನು ಆ ರಾಶಿಯ ಮೇಲೆ ಉರುಳಿ ಆಚೆ ಬಿದ್ದ. ಚೆಂಡು ಆ ಗೆರೆ ದಾಟಿದರೆ ಆರು ಅಂಕ. ಸಮಯವೂ ಮುಗಿದಿತ್ತು. ಆಚೆ ಹಳಿಯ ಮೇಲೆ ಹೋಗುತ್ತಿದ್ದ ರೈಲಿನವನು ಸುಮ್ಮಸುಮ್ಮನೆ ಸೀಟಿ ಊದಿದ.

ಗೆದ್ದ ಗದ್ದಲದಲ್ಲೂ ಆರ್ವಿಲ್ ಕಸುಬು ಮರೆಯಲಿಲ್ಲ. ಕಡೆಗಣ್ಣಿನಲ್ಲಿ ಕಿತ್ತಳೆ ಬಣ್ಣದ ಪೀಪಾಯಿ ಮೇಲೇಳುವುದು ಕಂಡಿತು. ಪೊಕೊರ್ನಿ ಒಂದು ಕಡೆ, ಇನ್ನೊಬ್ಬ ದಢಿಯ ಒಂದು ಕಡೆ. ಆರ್ವಿಲ್ ಬೆಲ್ಟು ಬಿಗಿ ಹಿಡಿದ. ಕರ್ಟಿಸ್‌ನನ್ನು ಮಾತಿಗೆಳೆಯಬೇಕೆಂದು, ಗಾಳಿ ಬಹಳ ತಣ್ಣಗಿದೆ ಅಲ್ಲವಾ ಮಗಾ ಎಂದ. ಹೌದು ಕೋಚ್, ಇನ್ನೂ ತಣ್ಣಗಾಗಬಹುದು ಎಂದ ಕರ್ಟಿಸ್. ಅವನು ಯಾಕೋ ಒದ್ದಾಡದೆ ಹಸುವಿನ ಹಾಗೆ ನಿಂತಿದ್ದ. ಹೆಜ್ಜೆಗಳು ಹತ್ತಿರ ಬಂದವು. ಆರ್ವಿಲ್ ಕೈಬಿಟ್ಟು ಪಕ್ಕಕ್ಕೆ ಜಾರಿದ.

ಜಾರಲಾಗಲಿಲ್ಲ. ಅವನ ಸೊಂಟದ ಬೆಲ್ಟನ್ನು ಯಾರೋ ಬಿಗಿಯಾಗಿ ಹಿಡಿದಿದ್ದರು. ಜೀವಮಾನವೆಲ್ಲ ಇನ್ನೊಬ್ಬರ ಪಟ್ಟಿ ಹಿಡಿದವನಿಗೆ, ತನಗೂ ಒಂದು ಪಟ್ಟಿಯಿದೆ ಎಂಬುದು ಆಗಲೇ ನೆನಪಾದದ್ದು. ಕರ್ಟಿಸ್‌ನ ಹಿಂದಕ್ಕೆ ಚಾಚಿದ ಕೈ ಅದು, ಹಿಡಿತವೂ ಗುರುವಿನದೇ.

ಮೊದಲು ಐಸಿನ ತುಂಡುಗಳು, ಆಮೇಲೆ ಹಸಿರು ಶರಬತ್ತು, ಆಮೇಲೆ ಮತ್ತೆ ಐಸು. ಕತ್ತಿನಿಂದ ಬೂಟಿನವರೆಗೆ ಇಳಿಯಿತು. ಉಸಿರು ವಾಪಸು ಬಂದ ಮೇಲೆ ಆರ್ವಿಲ್ ಕಣ್ಣು ಒರೆಸಿಕೊಂಡು, ಯಾರ ಮೇಲೆ ಸುರೀಬೇಕು ಅಂತ ಗೊತ್ತಾಗಲ್ವೇನ್ರೋ ಕತ್ತೆಗಳಾ ಎಂದು ಗದರಿದ.

"ಹೇಸರಗತ್ತೆಗಳು, ಕೋಚ್," ಎಂದು ಪೊಕೊರ್ನಿ ತಿದ್ದಿದ. "ಮುಖ್ಯ ಕೋಚ್ ಮೇಲೇ ಸುರಿದಿದೀವಿ."

ಆ ಇಬ್ಬರು ದಢಿಯರ ನಡುವಿನಿಂದ ಬೂದುಬಣ್ಣದ ಕೋಟು ತೊಟ್ಟ ಪುಟ್ಟ ಹೆಂಗಸೊಬ್ಬರು ಹೊರಗೆ ಬಂದರು. ಪೀಪಾಯಿಯ ತಳಕ್ಕೆ ಕೈ ಕೊಟ್ಟಿದ್ದರಿಂದ ಅವರ ತೋಳುಗಳು ಮೊಣಕೈವರೆಗೆ ಹಸಿರಾಗಿದ್ದವು. ಒಂದು ಒಣಕೆಮ್ಮು ಕೆಮ್ಮಿದರು.

"ಕಿಟಕಿ ಕೊಡೋಣ ಅಂತ ಮಂಡಳಿ ಒಪ್ಪಿದೆ," ಎಂದರು ಡಾಕ್ಟರ್ ಫೆಂಟ್ರೆಸ್, ಒಂದೊಂದೇ ಮಾತನ್ನು ಮಡಿಸಿ ಇಡುತ್ತ. "ಬೆಲ್ಟ್ ಹಿಡಿಯೋಕೆ ತೂಕದವನನ್ನ ಹುಡುಕ್ತಾ ಇದೀವಿ. ಮೂರನೇ ಷರತ್ತು ನಾನೇ ಪೂರೈಸಿದೀನಿ. ಕಷಾಯ ಮಾತ್ರ ಕುಡಿದಿಲ್ಲ."

ಆರ್ವಿಲ್ ಏನೋ ಹೇಳಲು ಹೋದ. ಹಲ್ಲು ಕಟಕಟ ಎಂದಿತು ಅಷ್ಟೇ.

ಅವರು ಹೇಳಿದ್ದು ಇಷ್ಟು. ಸಂದರ್ಶನದ ದಿನ ಅವನು ಅವರಿಗೆ ಅಷ್ಟೇನೂ ಹಿಡಿಸಿರಲಿಲ್ಲ. ಆಮೇಲೆ ಅವನ ಹಳೆಯ ಆಟಗಾರರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ವಿಚಾರಿಸಿದರು. ಒಕ್ಲಹೋಮಾದಲ್ಲಿ ದನದ ವೈದ್ಯನಾಗಿರುವವನು, ಡಕೋಟಾದಲ್ಲಿ ಲಾರಿ ಓಡಿಸುವವನು, ಶಾಲೆಯ ಮೇಷ್ಟ್ರು, ಒಬ್ಬ ನ್ಯಾಯಾಧೀಶ. ಒಬ್ಬರಿಗೊಬ್ಬರು ಪರಿಚಯವೂ ಇಲ್ಲದವರು. ಸ್ಟ್ರೋಪ್ ಹೇಗೆ ಎಂದು ಕೇಳಿದರೆ ಪ್ರತಿಯೊಬ್ಬನೂ ಮೊದಲು ಗಂಟಲು ಸರಿಮಾಡಿಕೊಂಡು, ಅವನ ದನಿಯಲ್ಲೇ ಉತ್ತರ ಕೊಟ್ಟನಂತೆ. ಕೊನೆಕೊನೆಗೆ, ಆ ಬಯಲುಸೀಮೆಯ ಉದ್ದಕ್ಕೂ ಒಬ್ಬನೇ ಮನುಷ್ಯ ಮನೆಮನೆಯಲ್ಲೂ ಫೋನು ಎತ್ತುತ್ತಿದ್ದಾನೇನೋ ಎಂದು ಅವರ ಮೈ ಜುಮ್ಮೆಂದಿತಂತೆ. ಅಂಥವನು ಮಂಗಳವಾರ ಅವರಿಗೇ ಅವರ ಕೆಮ್ಮನ್ನು ತಿರುಗಿ ಕೊಟ್ಟಾಗ, ಇವನನ್ನು ಬಿಡಬಾರದು ಎಂದು ಗಟ್ಟಿಮಾಡಿಕೊಂಡರು. ಫೋನಿಟ್ಟ ಕೂಡಲೇ ಕರ್ಟಿಸ್‌ಗೆ ಕರೆ ಮಾಡಿದರು. ಗೋಡೆಯ ಕಡೆ ತಿರುಗಿದ ಕರ್ಟಿಸ್‌ನ ಭುಜಗಳು ಅಲುಗಿದ್ದು ಯಾಕೆಂದು ಆರ್ವಿಲ್‌ಗೆ ಈಗ ಅರ್ಥವಾಯಿತು.

"ಎಲ್ಲರೂ ಒಂದೇ ಮಾತು ಹೇಳಿದ್ರು," ಎಂದು ಫೆಂಟ್ರೆಸ್ ನೆಟ್ಟಗೆ ನಿಂತರು. ಗಂಟಲು ಸರಿಮಾಡಿಕೊಂಡರು. ಜಲ್ಲಿಕಲ್ಲಿನ ಮೇಲೆ ಗಾಡಿ ನಿಧಾನವಾಗಿ ಉರುಳಿದಂಥ ಒಂದು ದನಿ ಆ ಪುಟ್ಟ ಹೆಂಗಸಿನ ಬಾಯಿಂದ ಬಂತು: "ಮೊದಲ ಹೆಜ್ಜೆ, ಮಗಾ. ಉಳಿದದ್ದು ಆಮೇಲೆ."

ಆರ್ವಿಲ್ ಕಿವಿ ನಿಮಿರಿಸಿದ. ಒಂದು ಸಲ ಕೇಳಿದ ದನಿಯನ್ನು ಮರೆಯದ ಮನುಷ್ಯ. ಇದು ಯಾರದೆಂದು ಅವನಿಗೆ ತಿಳಿಯಲಿಲ್ಲ. ಯಾವ ಊರಿನ ಯಜಮಾನ? ಬೆದರಿಕೆಯಿಲ್ಲ, ಅವಸರವಿಲ್ಲ, ಇಂಥವನ ಕೈಕೆಳಗೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಪಕ್ಕದಲ್ಲಿ ನಿಂತಿದ್ದ ರೂಫಸ್‌ನನ್ನು ಮೊಣಕೈಯಿಂದ ತಿವಿದ.

"ಯಾರ ದನಿಯೋ ಇದು?"

ರೂಫಸ್‌ನ ಕೆನ್ನೆ ಇನ್ನೂ ಪೂರ್ತಿ ಇಳಿದಿರಲಿಲ್ಲ. "ನಿಂದೇ ಕಣೋ ಮುದುಕಾ," ಎಂದ.

ಐವರೂ ದಢಿಯರು ಒಟ್ಟಿಗೆ ಗಂಟಲು ಸರಿಮಾಡಿಕೊಂಡು, ಒಟ್ಟಿಗೆ ಅದನ್ನೇ ಹೇಳಿದರು. ಕರ್ಟಿಸ್ ಹೇಳಿದ. ಬೇಲಿಯ ಆಚೆಯಿಂದ ನಡೀನ್ ಹೇಳಿದಳು, ಎಲ್ಲರಿಗಿಂತ ಚೆನ್ನಾಗಿ. ಅವಳ ಕಾಲ ಬಳಿಯ ಡಬ್ಬದ ಮೇಲೆ 'ಅಡುಗೆಮನೆ' ಎಂದಿತ್ತು, ಒಳಗೆ ಒಣ ಅಂಗಿ, ಉಣ್ಣೆಯ ಕಾಲುಚೀಲ, ದಪ್ಪ ಟವೆಲು. ಕರ್ಟಿಸ್ ಗುರುವಾರವೇ ಅವಳಿಗೂ ಹೇಳಿದ್ದನಂತೆ. ಗೊತ್ತಿಲ್ಲದೆ ಇದ್ದವನು ಆ ಗುಂಪಿನಲ್ಲಿ ಅವನೊಬ್ಬನೇ.

ಆರ್ವಿಲ್ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. ಕೂದಲಿನಿಂದ ಐಸಿನ ತುಂಡೊಂದು ಜಾರಿ ಕಾಲರಿನೊಳಗೆ ಬಿತ್ತು. ಮೊದಲು ಒಂದು ಸಣ್ಣ ಗೊರಕೆಯಂತೆ, ಆಮೇಲೆ ಎಂಜಿನ್ನು ಹತ್ತಿಕೊಂಡಂತೆ ನಗು ಹೊರಟಿತು. ಸುತ್ತಲಿನವರೂ ನಕ್ಕರು, ಮೆಟ್ಟಿಲ ಮೇಲಿನವರು ಏನೆಂದು ತಿಳಿಯದೆಯೇ ನಕ್ಕರು, ಡಾಕ್ಟರ್ ಫೆಂಟ್ರೆಸ್ ಕೆಮ್ಮು ಮರೆತು ನಕ್ಕರು. ಆದರೆ ಕಾಲ್ಡರಿನವರ ಬಸ್ಸು ಹತ್ತುತ್ತಿದ್ದವರು ತಿರುಗಿ ನೋಡಿದ್ದು, ಗೋಪುರದ ಮೇಲಿನ ಪಾರಿವಾಳಗಳು ಎದ್ದದ್ದು ಆ ಒಂದು ನಗುವಿಗೆ. ಜಲ್ಲಿಕಲ್ಲಿನ ಮೇಲೆ ತುಂಬಿದ ಗಾಡಿ ಇಳಿಜಾರಿನಲ್ಲಿ ಬಿಟ್ಟಂಥ ನಗು. ಯಾರ ಅಣಕವೂ ಅಲ್ಲ, ಅವನದೇ.